ಬಡ್ಡಿ ಕೇಳದ 8 ಕೋಟಿ

ಮದ್ದೂರಿನ ಹತ್ತಿರ ನಮ್ಮದು ಬೆಲ್ಲದ ಪುಡಿ ಕಾರ್ಖಾನೆ. ಇನ್ನೊಂದು ಘಟಕ ಹಾಕಲು 8 ಕೋಟಿ ಬೇಕಿತ್ತು. ಇದ್ದ ಗದ್ದೆಯೆಲ್ಲ ಹಳೇ ಸಾಲಕ್ಕೇ ಬ್ಯಾಂಕಿನಲ್ಲಿ ಅಡ ಕೂತಿತ್ತು. ಆಗ ಸಿಕ್ಕವರು ಬೆಂಗಳೂರಿನ ಒಂದು ಪ್ರೈವೇಟ್ ಈಕ್ವಿಟಿ ಫಂಡ್‌ನವರು.

"ಬಡ್ಡಿ ಎಷ್ಟಂತೆ?" ಅಂದರು ಅಪ್ಪ.

"ಬಡ್ಡಿ ಇಲ್ಲ ಅಪ್ಪ, ಕಂಪನೀಲಿ ಪಾಲು ಕೇಳ್ತಾರೆ."

"ಹಂಗಾರೆ ಸಾಲಕ್ಕಿಂತ ದುಬಾರಿ ಕಣಪ್ಪ."

ಷೇರುಪೇಟೆಗೆ ಬರದ ಕಂಪನಿಗಳಲ್ಲಿ ಪಾಲು ಕೊಂಡು, ಬೆಳೆಸಿ, ಮಾರುವುದು ಇವರ ಕಸುಬು. ದುಡ್ಡೂ ಅವರದಲ್ಲ. ಷೇರುಪೇಟೆ ನಿಯಂತ್ರಿಸುವ ಸೆಬಿಯ 2012ರ ನಿಯಮದಂತೆ ಇಂಥ ಫಂಡಿಗೆ ಸಾಮಾನ್ಯವಾಗಿ ತಲಾ 1 ಕೋಟಿಗೆ ಕಡಿಮೆಯಿಲ್ಲದೆ ಹಾಕಿದ ಹೂಡಿಕೆದಾರರದು. ಅವರಿಗೆ ವಾಪಸ್ ಕೊಡಬೇಕಲ್ಲ, ಅದಕ್ಕೇ ಬರುವಾಗಲೇ ಹೊರಡುವ ಲೆಕ್ಕ.

ಮೊದಲು ಪಾಲುದಾರಿಕೆ ಸಂಸ್ಥೆಯನ್ನು ಪ್ರೈವೇಟ್ ಲಿಮಿಟೆಡ್ ಮಾಡಿಸಿದೆವು. ಆಮೇಲೆ 3 ತಿಂಗಳು ಅವರ ಆಡಿಟರುಗಳು ಕೂತು ಚೀಟಿ ಚೀಟಿ ಜಾಲಾಡಿದರು. ಮನೆ ಟ್ರ್ಯಾಕ್ಟರಿನ ಡೀಸೆಲ್, ತಮ್ಮನ ಮದುವೆ ಛತ್ರದ ಅಡ್ವಾನ್ಸ್, ಎಲ್ಲ ಕಂಪನಿ ಖರ್ಚಿನಲ್ಲೇ! ಅದನ್ನೆಲ್ಲ ತೆಗೆದು ಹಾಕಿದ್ದಕ್ಕೆ ಲಾಭವೇನೋ ಹೆಚ್ಚಿತು, ಮಾನ ಹೋಯಿತು.

ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ವರ್ಷದ ಲಾಭ 5 ಕೋಟಿ ಅಂತಾಯಿತು. ಕಂಪನಿಗೆ ಅವರು ಕಟ್ಟಿದ ಬೆಲೆ ಅದರ 6 ಪಟ್ಟು, ಅಂದರೆ 30 ಕೋಟಿ. ಬ್ಯಾಂಕ್ ಸಾಲ 6 ಕೋಟಿ ಕಳೆದರೆ ನಮ್ಮ ಪಾಲಿನ ಬೆಲೆ 24. ಅವರು ಕೊಡೋದು 8. ಮೂರರಲ್ಲೊಂದು ಪಾಲು ಹೋಯ್ತಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನಮ್ಮ ಸಿಎ ಬಿಡಿಸಿ ಹೇಳಿದರು: ದುಡ್ಡು ನಮ್ಮ ಜೇಬಿಗಲ್ಲ, ಹೊಸ ಷೇರಿಗೆ ಬದಲಾಗಿ ಕಂಪನಿಗೇ ಬರುತ್ತೆ. ಹಾಗಾಗಿ ಬೆಲೆ 32 ಕೋಟಿ ಆಗುತ್ತೆ, ಅವರ ಪಾಲು 25%.

ನಾನು ಈ ಶೇಕಡಾ ಲೆಕ್ಕದಲ್ಲೇ ಮುಳುಗಿದ್ದೆ. ಕರಾರಿನಲ್ಲಿ 'ಡ್ರ್ಯಾಗ್ ಅಲಾಂಗ್' ಅನ್ನೋ ಕಲಮನ್ನು ಸಿಎ ಓದಿ ಹೇಳಿದಾಗ ಹಿಡಿದದ್ದು ಅಪ್ಪ. ಫಂಡ್‌ನವರು ತಮ್ಮ ಪಾಲು ಮಾರುವಾಗ, ಕೊಳ್ಳುವವನು ಇಡೀ ಕಂಪನಿ ಬೇಕೆಂದರೆ ನಾವೂ ಅದೇ ಬೆಲೆಗೆ ಮಾರಲೇಬೇಕು.

"ಪಾಲಿಗೆ ಒಂದು ಹಸು ಕಟ್ಟಿ, ಸಂತೆ ದಿನ ನಮ್ ಕೊಟ್ಟಿಗೇನೇ ಹೊಡ್ಕೊಂಡು ಹೋಗದಾ?"

ಅದೊಂದಕ್ಕೇ ಎರಡು ತಿಂಗಳು ಹಗ್ಗಜಗ್ಗಾಟ. ಕೊನೆಗೆ 5 ವರ್ಷ ತುಂಬುವ ತನಕ ಆ ಹಕ್ಕು ಬಳಸುವಂತಿಲ್ಲ, ಗೊತ್ತುಮಾಡಿದ ಬೆಲೆಗಿಂತ ಕೆಳಗೆ ಮಾರುವಂತಿಲ್ಲ, ಮೊದಲು ನಮ್ಮನ್ನೇ ಕೇಳಬೇಕು ಎಂದು ಬರೆಸಿ ಸಹಿ ಹಾಕಿದೆ. ಬೋರ್ಡಿನಲ್ಲಿ ಒಂದು ಕುರ್ಚಿ ಕೊಟ್ಟೆವು. ಅವರನ್ನು ಕೇಳದೆ ಹೊಸ ಸಾಲ ಮಾಡುವಂತಿಲ್ಲ.

ಈಗ ನಾಲ್ಕನೇ ವರ್ಷ. ತಿಂಗಳ ಲೆಕ್ಕ ಬೆಂಗಳೂರಿಗೆ ಕಳಿಸಿದಾಗೆಲ್ಲ ಅಪ್ಪ ಕೇಳೋದು ಒಂದೇ:

"ಸಂತೆ ಯಾವತ್ತಂತೆ?"