ನಾಯಕರ ಸಂಬಳ ಹೆಚ್ಚಾಯಿತೇ? ಲೆಕ್ಕ ಹಾಕಿ ನೋಡುವ ಕ್ರಮ

ಶಾಸಕರ ಸಂಬಳ ಏರಿತೆಂದು ಸುದ್ದಿ ಬಂದ ದಿನ ಎರಡು ಮಾತು ಕೇಳಿಬರುತ್ತವೆ. "ಹಗಲು ದರೋಡೆ" ಅನ್ನುವುದು ಒಂದು, "ಪಾಪ, ಅವರಿಗೂ ಖರ್ಚಿರುತ್ತಲ್ಲ" ಅನ್ನುವುದು ಇನ್ನೊಂದು. ಎರಡೂ ಲೆಕ್ಕ ಹಾಕದೆ ಆಡುವ ಮಾತುಗಳು. ಲೆಕ್ಕವೇನೂ ಕಷ್ಟದ್ದಲ್ಲ, ಒಂದು ಹಾಳೆ, ಮೊಬೈಲಿನ ಕ್ಯಾಲ್ಕುಲೇಟರ್, ಸರಿಯಾದ ಕಾಗದಪತ್ರ ಇದ್ದರೆ ಸಾಕು. ಕಾರ್ಮಿಕ ಸಂಘದ ಪದಾಧಿಕಾರಿಗೂ ಇದೇ ಕ್ರಮ ನಡೆಯುತ್ತದೆ, ಕಾಗದ ಸಿಗುವ ದಾರಿ ಮಾತ್ರ ಬೇರೆ.

ಮೊದಲು ಒಟ್ಟು ಮೊತ್ತ

ಸುದ್ದಿಯ ತಲೆಬರಹದಲ್ಲಿ ಸಾಮಾನ್ಯವಾಗಿ ಮೂಲ ಸಂಬಳ ಮಾತ್ರ ಇರುತ್ತದೆ. 2025ರ ಮಾರ್ಚ್‌ನಲ್ಲಿ ಕರ್ನಾಟಕ ವಿಧಾನಮಂಡಲ ಒಪ್ಪಿದ ತಿದ್ದುಪಡಿಯಲ್ಲಿ ಶಾಸಕರ ಸಂಬಳ ತಿಂಗಳಿಗೆ 40,000 ರೂಪಾಯಿಯಿಂದ 80,000ಕ್ಕೆ, ಸಚಿವರದು 60,000ದಿಂದ 1,25,000ಕ್ಕೆ, ಮುಖ್ಯಮಂತ್ರಿಯದು 75,000ದಿಂದ 1,50,000ಕ್ಕೆ ಏರಿತು. ಇದರ ಮೇಲೆ ಕ್ಷೇತ್ರ ಭತ್ಯೆ, ದೂರವಾಣಿ, ಪ್ರಯಾಣ, ವೈದ್ಯಕೀಯ ಭತ್ಯೆಗಳಿವೆ. ಮಾಜಿಗಳ ಪಿಂಚಣಿಯೂ 50,000ದಿಂದ 75,000ಕ್ಕೆ ಹೋಯಿತು.

ಹಾಳೆಯಲ್ಲಿ ಮೂರು ಕಾಲಂ ಹಾಕಿಕೊಳ್ಳಿ: ಜೇಬಿಗೆ ಹೋಗುವುದು, ಕೆಲಸಕ್ಕೆ ಖರ್ಚಾಗುವುದು, ಮುಂದೆ ಬರುವುದು. ಯಾವ ಭತ್ಯೆ ಎಲ್ಲಿಗೆ ಎಂದು ತೀರ್ಮಾನಿಸಲು ಒಂದೇ ಪ್ರಶ್ನೆ ಕೇಳಿ: ಬಿಲ್ಲು ಕೊಡಬೇಕೇ? ಬಿಲ್ಲಿಲ್ಲದೆ ತಿಂಗಳಿಗಿಷ್ಟು ಎಂದು ಬರುವ ಭತ್ಯೆ, ಹೆಸರೇನೇ ಇರಲಿ, ಮೊದಲ ಕಾಲಂಗೆ. ಸಹಾಯಕನ ಸಂಬಳ ಎರಡನೆಯದಕ್ಕೆ. ಸಂಸದರ ಕಚೇರಿ ಭತ್ಯೆ 75,000 ಎಂದು ಓದಿದವರು ಅಷ್ಟನ್ನೂ ಸಂಬಳಕ್ಕೆ ಸೇರಿಸಿಬಿಡುತ್ತಾರೆ. ಅದರಲ್ಲಿ 50,000 ಸಹಾಯಕರಿಗೆ ಹೋಗುವ ಹಣ. ಪಿಂಚಣಿ ಮೂರನೆಯ ಕಾಲಂ. ಅದನ್ನು ಬಿಟ್ಟರೆ ಲೆಕ್ಕ ಅರ್ಧ ಸುಳ್ಳು, ಏಕೆಂದರೆ ಸಂಬಳ ಅವಧಿ ಮುಗಿಯುವವರೆಗೆ, ಪಿಂಚಣಿ ಜೀವನಪೂರ್ತಿ.

ತೆರಿಗೆಯ ಬಗ್ಗೆ ಒಂದು ಟಿಪ್ಪಣಿ ಬರೆದಿಡಿ. ದಿನಭತ್ಯೆಗೂ ಕ್ಷೇತ್ರ ಭತ್ಯೆಗೂ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಇದೆ. ಅಂಥ ಒಂದು ರೂಪಾಯಿ, ತೆರಿಗೆ ಕಟ್ಟುವ ಸಂಬಳದ ಒಂದು ರೂಪಾಯಿಗಿಂತ ದೊಡ್ಡದು.

ಬೆಲೆಯೇರಿಕೆಗೆ ಒರೆ ಹಚ್ಚುವುದು

ಇದಕ್ಕೆ ಆದಾಯ ತೆರಿಗೆ ಇಲಾಖೆ ಪ್ರತಿ ವರ್ಷ ಪ್ರಕಟಿಸುವ ವೆಚ್ಚ ಹಣದುಬ್ಬರ ಸೂಚ್ಯಂಕ (ವರ್ಷದಿಂದ ವರ್ಷಕ್ಕೆ ಬೆಲೆ ಎಷ್ಟು ಏರಿತೆಂದು ತೋರಿಸುವ ಸಂಖ್ಯೆ) ಸುಲಭ. ಹಳೆಯ ಸಂಬಳವನ್ನು ಈಗಿನ ಸೂಚ್ಯಂಕದಿಂದ ಗುಣಿಸಿ, ಹಳೆಯ ಸೂಚ್ಯಂಕದಿಂದ ಭಾಗಿಸಿ.

ಸಂಸದರ ಸಂಬಳವನ್ನು ಇದೇ ಸೂಚ್ಯಂಕದ ಮೇಲೆ ಐದು ವರ್ಷಕ್ಕೊಮ್ಮೆ ಏರಿಸಬೇಕೆಂದು 2018ರಲ್ಲಿ ಕಾನೂನಾಯಿತು. ಸೂಚ್ಯಂಕ 2018-19ರಲ್ಲಿ 280, 2023-24ರಲ್ಲಿ 348. 2018ರ ಸಂಬಳವಾದ ಒಂದು ಲಕ್ಷವನ್ನು 348ರಿಂದ ಗುಣಿಸಿ 280ರಿಂದ ಭಾಗಿಸಿದರೆ 1,24,286. 2025ರ ಮಾರ್ಚ್‌ನಲ್ಲಿ ಹೊರಟ ಅಧಿಸೂಚನೆಯಲ್ಲಿದ್ದದ್ದು 1,24,000. ತಾಳೆಯಾಯಿತು.

ಈಗ ಕರ್ನಾಟಕದ ಶಾಸಕರದು. 2022ರಲ್ಲಿ 25,000ದಿಂದ 40,000ಕ್ಕೆ ಏರಿತ್ತು. 2022-23ರ ಸೂಚ್ಯಂಕ 331, 2025-26ರದು 376. ಲೆಕ್ಕ ಸುಮಾರು 45,400ಕ್ಕೆ ನಿಲ್ಲುತ್ತದೆ. ಈ ಸೂಚ್ಯಂಕ ಗ್ರಾಹಕ ಬೆಲೆಯೇರಿಕೆಯ ಶೇ 75ನ್ನು ಮಾತ್ರ ಹಿಡಿಯುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಪೂರ್ತಿ ಹಿಡಿದರೂ 47,000ದ ಆಸುಪಾಸು. ಕೊಟ್ಟದ್ದು 80,000. ಅಂದರೆ ಈ ಏರಿಕೆಗೆ "ಬೆಲೆ ಏರಿದೆ" ಎಂಬ ಕಾರಣ ಸಾಲದು. ಬೇರೆ ಕಾರಣ ಇರಬಹುದು, ಅದನ್ನು ಬಾಯಿಬಿಟ್ಟು ಹೇಳಬೇಕು.

ಎಚ್ಚರ ಬೇಕಾದದ್ದು ಮೂಲ ವರ್ಷದ ಆಯ್ಕೆಯಲ್ಲಿ. ಆಟವೆಲ್ಲ ನಡೆಯುವುದು ಅಲ್ಲೇ. ಸಂಸದರ ಸಂಬಳವನ್ನು 2018ರಿಂದ ಎಣಿಸಿದರೆ ಕಲೆಯಿಲ್ಲದ ಲೆಕ್ಕ. 2006ರಿಂದ ಎಣಿಸಿ: ಆಗ 16,000, ಸೂಚ್ಯಂಕ 122. ಅದನ್ನು 348ಕ್ಕೆ ತಂದರೆ 45,600ರಷ್ಟೇ ಆಗುತ್ತದೆ. ನಡುವೆ ನಡೆದದ್ದು ಎರಡು ದೊಡ್ಡ ಜಿಗಿತ: 2010ರಲ್ಲಿ 50,000, 2018ರಲ್ಲಿ ಒಂದು ಲಕ್ಷ. ಹಾಗಾಗಿ ಕನಿಷ್ಠ ಹಿಂದಿನ ಎರಡು ಏರಿಕೆಗಳಿಂದ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಎರಡನ್ನೂ ಪಕ್ಕಪಕ್ಕ ಬರೆಯಿರಿ.

ಯಾರ ಪಕ್ಕ ನಿಲ್ಲಿಸಬೇಕು

2010ರಲ್ಲಿ ಸಂಸದೀಯ ಸಮಿತಿಯೊಂದು ಕೇಳಿದ್ದು 80,001 ರೂಪಾಯಿ. ಕೇಂದ್ರದ ಕಾರ್ಯದರ್ಶಿಗೆ ಆಗ 80,000 ಇತ್ತು. ಅವರಿಗಿಂತ ಒಂದು ರೂಪಾಯಿಯಾದರೂ ಮೇಲಿರಬೇಕೆಂಬ ಹಟ. ನಗು ಬಂದರೂ ಅಲ್ಲೊಂದು ನಿಜವಾದ ವಾದವಿದೆ: ಸರ್ಕಾರಿ ನೌಕರರ ಪಕ್ಕ ಇಟ್ಟು ನೋಡಬೇಕೆಂಬುದು. ಕರ್ನಾಟಕದ ಏಳನೇ ವೇತನ ಆಯೋಗದ ನಂತರ, 2024ರ ಆಗಸ್ಟ್‌ನಿಂದ, ರಾಜ್ಯ ನೌಕರರ ಕನಿಷ್ಠ ಮೂಲ ವೇತನ 27,000, ಗರಿಷ್ಠ 2,41,200. ಮೇಲಿನದು ಕೆಳಗಿನದರ ಸುಮಾರು 9 ಪಟ್ಟು. ಶಾಸಕರ ಮೂಲ ಸಂಬಳ ಅದೇ ಕನಿಷ್ಠ ವೇತನದ ಸುಮಾರು 3 ಪಟ್ಟು, ಮುಖ್ಯಮಂತ್ರಿಯದು ಐದೂವರೆ ಪಟ್ಟು. ಮೂಲ ಸಂಬಳದ ಮಟ್ಟಿಗೆ ನೋಡಿದರೆ ಶಾಸಕರದು ಅತಿಯಲ್ಲ. ಆದರೆ ನಿಮ್ಮ ಮೊದಲ ಕಾಲಂನ ಒಟ್ಟು ಮೊತ್ತ ಇಟ್ಟು ಮತ್ತೊಮ್ಮೆ ಭಾಗಿಸಿ. ಆಗ ನೌಕರನ ಕಡೆಯೂ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರಿಸಬೇಕು. ಒಂದು ಕಡೆ ಒಟ್ಟು, ಇನ್ನೊಂದು ಕಡೆ ಮೂಲ ಇಟ್ಟರೆ ಹೋಲಿಕೆ ಕೆಡುತ್ತದೆ.

ಖಾಸಗಿ ಕಂಪನಿಯ ಸಿಇಒ ಜೊತೆ ಹೋಲಿಸುವವರಿದ್ದಾರೆ. ಅದು ಬೇಡ.

ಯಾರು, ಯಾವಾಗ ನಿಗದಿ ಮಾಡಿದರು

ಮೊತ್ತಕ್ಕಿಂತ ಹೆಚ್ಚು ಹೇಳುವುದು ಇದು. ಸಂವಿಧಾನದ 106ನೇ ವಿಧಿ ಸಂಸದರಿಗೆ, 195ನೇ ವಿಧಿ ಶಾಸಕರಿಗೆ ತಮ್ಮ ಸಂಬಳವನ್ನು ಕಾನೂನಿನ ಮೂಲಕ ತಾವೇ ನಿಗದಿ ಮಾಡಿಕೊಳ್ಳಲು ಬಿಡುತ್ತದೆ. ಕರ್ನಾಟಕದ ಮಸೂದೆ 2025ರ ಮಾರ್ಚ್ 21ರಂದು ಸದನದ ಗದ್ದಲದ ನಡುವೆ ಚರ್ಚೆಯಿಲ್ಲದೆ ಪಾಸಾಯಿತು. ಬ್ರಿಟನ್ನಿನಲ್ಲಿ ಸಂಸದರ ಸಂಬಳ ನಿಗದಿ ಮಾಡುವುದು ಸ್ವತಂತ್ರ ಪ್ರಾಧಿಕಾರ. ಅಮೆರಿಕದಲ್ಲಿ 1992ರಲ್ಲಿ ಜಾರಿಗೆ ಬಂದ 27ನೇ ತಿದ್ದುಪಡಿಯ ಪ್ರಕಾರ ಸಂಬಳ ಬದಲಾದರೆ ಅದು ಮುಂದಿನ ಚುನಾವಣೆಯ ನಂತರವೇ ಅನ್ವಯ. ಎರಡು ಪ್ರಶ್ನೆ ಬರೆದುಕೊಳ್ಳಿ: ಪಡೆಯುವವರೇ ನಿಗದಿ ಮಾಡಿದರೇ? ಈಗಿನವರಿಗೇ ಅನ್ವಯವೇ? ಎರಡಕ್ಕೂ "ಹೌದು" ಬಂದರೆ, ಮೊತ್ತ ಸಣ್ಣದಿದ್ದರೂ ಕ್ರಮ ತಪ್ಪು.

ಕಾಗದ ತರಿಸುವುದು

ಅಧಿಕಾರಿಗಳ ತಿಂಗಳ ಸಂಬಳವನ್ನು ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಕಚೇರಿ ತಾನಾಗಿಯೇ ಪ್ರಕಟಿಸಬೇಕು. ಇಲ್ಲದಿದ್ದರೆ ಅರ್ಜಿ ಹಾಕಿ. ಕರ್ನಾಟಕದ ಇಲಾಖೆಗಳಿಗೆ ಶುಲ್ಕ 10 ರೂಪಾಯಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿಗೆ 30 ದಿನ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ.

ಅರ್ಜಿ ಬಿದ್ದುಹೋಗುವುದು ಪ್ರಶ್ನೆಯ ಧಾಟಿಯಿಂದ. "ಇಷ್ಟು ಸಂಬಳ ಏಕೆ?" ಎಂದು ಕೇಳಿದರೆ ಅಭಿಪ್ರಾಯ ಕೊಡುವಂತಿಲ್ಲ ಎಂದು ವಾಪಸ್ ಬರುತ್ತದೆ. "ಇಂಥ ಹುದ್ದೆಗೆ 2024-25ರಲ್ಲಿ ಪಾವತಿಸಿದ ಸಂಬಳ ಮತ್ತು ಭತ್ಯೆಗಳ ತಿಂಗಳವಾರು ಪಟ್ಟಿಯ ಪ್ರತಿ ಕೊಡಿ" ಎಂದು ಬರೆಯಿರಿ. ಸಾಲದ ಕಡಿತ, ಆದಾಯ ತೆರಿಗೆ ರಿಟರ್ನ್ಸ್ ಕೇಳಬೇಡಿ. ವೈಯಕ್ತಿಕ ಮಾಹಿತಿ ಎಂದು ಇಡೀ ಅರ್ಜಿಯನ್ನೇ ತಳ್ಳಲು ಅದೊಂದು ನೆಪವಾಗುತ್ತದೆ.

ಸಂಘದ ಪದಾಧಿಕಾರಿಯಾದರೆ

ನಮ್ಮಲ್ಲಿ ಹೆಚ್ಚಿನ ಸಂಘಗಳ ಪದಾಧಿಕಾರಿಗಳು ಸಂಘದಿಂದ ಸಂಬಳ ಪಡೆಯುವುದಿಲ್ಲ. ಕಂಪನಿ ಸಂಬಳದಲ್ಲೇ ಸಂಘದ ಕೆಲಸಕ್ಕೆ ಬಿಡುವು ಪಡೆದಿರುತ್ತಾರೆ. ಆ ಬಿಡುವನ್ನೂ ಲೆಕ್ಕಕ್ಕೆ ತನ್ನಿ. ಸಂಘದ ನಿಧಿಯಿಂದ ಸಂಬಳ ಕೊಡುವುದು ಅಕ್ರಮವೇನಲ್ಲ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ 15ನೇ ಕಲಂ ಅದಕ್ಕೆ ಅವಕಾಶ ಕೊಟ್ಟಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಲೆಕ್ಕಪುಸ್ತಕ ನೋಡಲು ಸದಸ್ಯರಿಗೆ ಅನುಕೂಲ ಮಾಡಿಕೊಡಬೇಕೆಂಬುದು ಅದರಲ್ಲೂ ಇದೆ. ಕಾರ್ಯದರ್ಶಿಗೆ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಬೇಕಾದದ್ದು ಬೈಲಾ, ಆಡಿಟ್ ಆದ ವಾರ್ಷಿಕ ಲೆಕ್ಕ, ಸಂಬಳ ಮಂಜೂರು ಮಾಡಿದ ಸಭೆಯ ನಡಾವಳಿ. ಕೊಡದಿದ್ದರೆ, ಸಂಘ ರಿಜಿಸ್ಟ್ರಾರ್‌ಗೆ ಸಲ್ಲಿಸಿದ ವಾರ್ಷಿಕ ವಿವರದ ಪ್ರತಿಯನ್ನು ಕಾರ್ಮಿಕ ಇಲಾಖೆಯಿಂದ ಮಾಹಿತಿ ಹಕ್ಕಿನಡಿ ಕೇಳಿ.

ಲೆಕ್ಕ ಹೀಗೆ: 1,200 ಸದಸ್ಯರು, ತಿಂಗಳ ಚಂದಾ 50 ರೂಪಾಯಿ ಎಂದಿಟ್ಟುಕೊಳ್ಳಿ. ವರಮಾನ 60,000. ಪ್ರಧಾನ ಕಾರ್ಯದರ್ಶಿಗೆ 30,000 ಸಂಬಳ, 12,000 ವಾಹನ ಖರ್ಚು ಹೋದರೆ ಚಂದಾದ ಶೇ 70 ಒಬ್ಬರಿಗೇ. ಮೊತ್ತ ದೊಡ್ಡದಲ್ಲ, ಆದರೂ ಕೋರ್ಟು ಖರ್ಚಿಗೆ, ಮುಷ್ಕರ ನಿಧಿಗೆ, ಉಳಿದೆಲ್ಲಕ್ಕೂ ಉಳಿಯುವುದು ತಿಂಗಳಿಗೆ 18,000 ಮಾತ್ರ.

ನಮ್ಮ ಮಟ್ಟಿಗೆ ಸರಿಯಾದ ಅಳತೆಗೋಲು ಇದು: ಆತ ಕೆಲಸದಲ್ಲೇ ಇದ್ದಿದ್ದರೆ ಇಂದು ಬರುತ್ತಿದ್ದ ಸಂಬಳ, ಇನ್‌ಕ್ರಿಮೆಂಟ್ ಮತ್ತು ತುಟ್ಟಿಭತ್ಯೆ ಸೇರಿ. ಅದಕ್ಕಿಂತ ಹೆಚ್ಚು ಕೊಟ್ಟರೆ ನಾಯಕ ಸದಸ್ಯರ ಬದುಕಿನಿಂದ ದೂರವಾಗುತ್ತಾನೆ. ತೀರಾ ಕಡಿಮೆ ಕೊಟ್ಟರೆ ಆಗುವ ಹಾನಿ ಇನ್ನೂ ಕೆಟ್ಟದ್ದು: ಮನೆ ನಡೆಸಲು ಆಡಳಿತ ಮಂಡಳಿಯ ಕೃಪೆ ಬೇಕಾಗುತ್ತದೆ, ವೇತನ ಒಪ್ಪಂದವಾದಾಗ ಅರಿಯರ್ಸ್‌ನಿಂದ ರಸೀದಿಯಿಲ್ಲದ ವಸೂಲಿ ಶುರುವಾಗುತ್ತದೆ. ಸಂಬಳವೇ ಬೇಡ ಎನ್ನುವ ನಾಯಕನ ಲೆಕ್ಕಪುಸ್ತಕವನ್ನು ಎರಡು ಸಲ ನೋಡಿ.

ಬದಲಾವಣೆ ಬೇಕಿದ್ದರೆ ಬೈಲಾದಲ್ಲಿರುವಷ್ಟು ದಿನ ಮೊದಲೇ ನೋಟಿಸ್ ಕೊಟ್ಟು ಸರ್ವಸದಸ್ಯರ ಸಭೆಯ ಕಾರ್ಯಸೂಚಿಗೆ ಸೇರಿಸಿ. "ಇತರ ವಿಷಯಗಳು" ಅಡಿಯಲ್ಲಿ ಎತ್ತಿದರೆ ನಿರ್ಣಯ ನಿಲ್ಲುವುದಿಲ್ಲ. ನಿರ್ಣಯದಲ್ಲಿ ಸಂಬಳ, ಭತ್ಯೆ, ವಾಹನ, ಮುಂದಿನ ಪರಿಷ್ಕರಣೆಯ ವರ್ಷ ನಾಲ್ಕೂ ಇರಲಿ. ಜೊತೆಗೆ ಇದು ಮುಂದಿನ ಚುನಾವಣೆಯಲ್ಲಿ ಆಯ್ಕೆಯಾಗುವ ಸಮಿತಿಯಿಂದ ಅನ್ವಯ ಎಂಬ ಸಾಲನ್ನೂ ಸೇರಿಸಿ.