ಶಾರ್ಟ್‌ಕಟ್ಟಲ್ಲಿ ಕ್ಯಾಪಿಟಲ್ ಸ್ಮಾಲ್ ಕಾಟ: ನನ್ನ ಅನುಭವ
ಹಾಸನದಲ್ಲಿ ಕೋರ್ಟ್ ಹತ್ರ ಡಿಟಿಪಿ ಅಂಗಡಿ ಇಟ್ಟು ಹದಿನಾಲ್ಕು ವರ್ಷ ಆಗಿರ್ಬೇಕು. ಅಫಿಡವಿಟ್, ಕ್ರಯಪತ್ರ, ಎಸಿ ಆಫೀಸಿಗೆ ಅರ್ಜಿ, ದಿನಾ ಇದೇ. ಆಟೋಹಾಟ್‌ಕೀ (ಒಂದೆರಡು ಅಕ್ಷರ ಹೊಡೆದ್ರೆ ಪೂರ್ತಿ ವಾಕ್ಯ ತಾನೇ ತುಂಬೋ ಸಾಫ್ಟ್‌ವೇರ್) ಹಾಕ್ಕೊಂಡು ಶಾರ್ಟ್‌ಕಟ್ಟಲ್ಲೇ ಹೊಡೀತೀನಿ ಅಂದಾಗ ಪಕ್ಕದ ಅಂಗಡಿಯವ್ರು "ಕೋರ್ಟ್ ಕಾಗದಕ್ಕೆ ಅದು ಬೇಡ ಕಣಣ್ಣ, ಎಲ್ಲೋ ಒಂದ್ಕಡೆ ಕೈ ಕೊಡುತ್ತೆ" ಅಂದ್ರು. ಮೊದಲೆರಡು ತಿಂಗಳು ಹಾಗೇ ಆಯ್ತು.

ಶಾರ್ಟ್‌ಕಟ್ಟನ್ನ ಆಪ್ಶನ್ ಏನೂ ಕೊಡದೆ ಬರೆದ್ರೆ ಅದು ನಾವು ಹೊಡೆದ ಕೇಸನ್ನೇ, ಅಂದ್ರೆ ಕ್ಯಾಪಿಟಲ್ಲೋ ಸ್ಮಾಲೋ ಅನ್ನೋದನ್ನೇ, ಹಿಡ್ಕೊಳ್ಳುತ್ತೆ. ಅಫಿಡವಿಟ್ ಹೆಡ್ಡಿಂಗ್ ಕ್ಯಾಪ್ಸ್ ಲಾಕಲ್ಲಿ ಹೊಡೆದು, ಆಫ್ ಮಾಡೋದು ಮರೆತು ವೆರಿಫಿಕೇಶನ್ ಶಾರ್ಟ್‌ಕಟ್ ಒತ್ತಿದ್ರೆ ಐದು ಸಾಲೂ ಕ್ಯಾಪಿಟಲ್! ಸಂಜೆ ಪಾರ್ಟಿ ತಲೆ ಮೇಲೆ ನಿಂತಿರ್ತಾರೆ, ನೋಡ್ದೆ ಪ್ರಿಂಟ್ ಕೊಟ್ರೆ ಇ-ಸ್ಟಾಂಪ್ ಪೇಪರ್ ಹೋಯ್ತು, ಒಂದಕ್ಕೆ 100 ರೂಪಾಯಿ, ಅದೂ ನನ್ನ ಜೇಬಿಂದ. ಒಂದೇ ತಿಂಗಳಲ್ಲಿ ಹದಿಮೂರೋ ಹದಿನಾಲ್ಕೋ ಹೋದ್ವು.

ಡಿಡಿ ಕಥೆ ಇನ್ನೂ ಕೆಟ್ಟದ್ದು. ಡಿ ಎರಡು ಸಲ ಒತ್ತಿದ್ರೆ 'ದಿನಾಂಕ' ಬರೋ ಹಾಗೆ ಇಟ್ಟಿದ್ದೆ. ಬ್ಯಾಂಕಿಗೆ ಇಂಗ್ಲಿಷ್ ಲೆಟರ್ ಹೊಡೀತಾ ಡಿಮ್ಯಾಂಡ್ ಡ್ರಾಫ್ಟ್‌ಗೆ ಕ್ಯಾಪಿಟಲಲ್ಲಿ ಡಿಡಿ ನಂಬರ್ ಅಂತ ಹೊಡೆದ್ರೆ ಅಲ್ಲೂ 'ದಿನಾಂಕ' ಬಂದು ಕೂತಿದೆ. ಕನ್ನಡಕ್ಕೆ ಕ್ಯಾಪಿಟಲ್ ಇಲ್ಲ ಅಂತ ನಾನು ಕೇಸ್ ಬಗ್ಗೆ ತಲೆನೇ ಕೆಡಿಸ್ಕೊಂಡಿರ್ಲಿಲ್ಲ, ಆದ್ರೆ ಒತ್ತೋ ಕೀಗೆ ಇದೆಯಲ್ಲ.

ಆಮೇಲೆ ಹೊಳೀತು. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಪಳಗಿದ ಕೈಗೆ ಸ್ಮಾಲ್ ಎನ್ ಅಂದ್ರೆ ನ, ಕ್ಯಾಪಿಟಲ್ ಎನ್ ಅಂದ್ರೆ ಣ, ಶಿಫ್ಟ್ ಒತ್ತಿದ್ರೆ ಅದು ಬೇರೆ ಅಕ್ಷರನೇ. ಹಾಗಾಗಿ ಕನ್ನಡ ಪಟ್ಟಿಗೆಲ್ಲ ಶಾರ್ಟ್‌ಕಟ್ ಸಾಲಿನ ಮೊದಲ ಎರಡು ಕೋಲನ್ ಮಧ್ಯೆ ಸಿ ಹಾಕ್ಬಿಟ್ಟೆ, ಆಗ ಕೇಸ್ ಸರಿ ಇದ್ರೇನೇ ಅದು ಓಡುತ್ತೆ. ಈಗ ಎಚ್ ಆದ್ಮೇಲೆ ಸ್ಮಾಲ್ ಎನ್ ಒತ್ತಿದ್ರೆ 'ಹಾಸನ ತಾಲ್ಲೂಕು, ಹಾಸನ ಜಿಲ್ಲೆ', ಕ್ಯಾಪಿಟಲ್ ಎನ್ ಒತ್ತಿದ್ರೆ ಹಣ ಸಂದಾಯದ ಪೂರ್ತಿ ವಾಕ್ಯ. ಸಿ ಇಲ್ದೆ ಇವೆರಡನ್ನೂ ಇಟ್ಟಾಗ ಫೈಲಲ್ಲಿ ಮೇಲಿರೋದೇ ಓಡ್ತಿತ್ತು, ಕ್ರಯಪತ್ರದಲ್ಲಿ ದುಡ್ಡಿನ ಮಾತು ಬರ್ಬೇಕಾದ ಕಡೆ ತಾಲ್ಲೂಕು ಬಂದಿತ್ತು. ನುಡಿ ಮಾತ್ರ ಸ್ಕ್ರೋಲ್ ಲಾಕ್ ಒತ್ತಿ ಆಫಲ್ಲಿಡಿ. ಆಟೋಹಾಟ್‌ಕೀ ಹಳೇ ವರ್ಶನ್ ಆದ್ರೆ, ಕನ್ನಡ ಅಕ್ಷರ ಸರಿಯಾಗಿ ಬರೋಕೆ ಫೈಲನ್ನ ಬಾಮ್ (ಫೈಲಿನ ಶುರುವಲ್ಲಿ ಕೂರೋ ಗುರುತು) ಇರೋ ಯುಟಿಎಫ್-8ರಲ್ಲೇ ಸೇವ್ ಮಾಡಿ, ನಾನು ಇದೊಂದಕ್ಕೇ ಒಂದು ಭಾನುವಾರ ಕಳೆದೆ.

ಇಂಗ್ಲಿಷ್ ವೆರಿಫಿಕೇಶನ್, ಪ್ರಾರ್ಥನೆ ಪ್ಯಾರಾಗಳಿಗೆ ಸಿ1. ಕ್ಯಾಪ್ಸ್ ಲಾಕ್ ಹೇಗೇ ಇರ್ಲಿ, ಬರೆದಿಟ್ಟ ಹಾಗೇ ಬರುತ್ತೆ. ಊರ ಹೆಸರು ಮಾತ್ರ ಆಪ್ಶನ್ ಇಲ್ದೆ ಬಿಟ್ಟಿದೀನಿ, ಹೆಡ್ಡಿಂಗಲ್ಲಿ ಕ್ಯಾಪಿಟಲ್ ಬೇಕೇ ಬೇಕು. ಎಸಿ ಅನ್ನೋದಕ್ಕೆ ಸಿ: ಸ್ಮಾಲಲ್ಲಿ ಒತ್ತಿದ್ರೆ ಅಸಿಸ್ಟೆಂಟ್ ಕಮಿಷನರ್, ಕ್ಯಾಪಿಟಲಲ್ಲಿ ಎಸಿ ಎಸಿಯಾಗೇ ಉಳಿಯುತ್ತೆ.

ಮನೇಲಿ ಮಗನ ಲಿನಕ್ಸಲ್ಲಿ ಎಸ್ಪಾನ್ಸೋ ಅನ್ನೋ ಇಂಥದ್ದೇ ಸಾಫ್ಟ್‌ವೇರನ್ನೂ ನೋಡ್ದೆ. ಅದು ಉಲ್ಟಾ, ಕೇಸ್ ಸರಿ ಇದ್ರೇನೇ ಕೇಳುತ್ತೆ, ಹಿಡ್ಕೊಳ್ಬೇಕು ಅಂದ್ರೆ ಪ್ರೊಪಗೇಟ್ ಕೇಸ್ ಟ್ರೂ ಅಂತ ಕೊಡ್ಬೇಕು. ಪ್ರತಿ ಪದದ ಮೊದಲಕ್ಷರ ಕ್ಯಾಪಿಟಲ್ ಮಾಡೋದೂ ಅದರಲ್ಲಿದೆ, ಚೆನ್ನಾಗಿದೆ, ಅಂಗಡೀಗೆ ಇನ್ನೂ ತಂದಿಲ್ಲ.

ಈಗ ಸುಮಾರು 340 ಶಾರ್ಟ್‌ಕಟ್ ಇವೆ, ಮಾಮೂಲಿ ಅಫಿಡವಿಟ್ ನಾಲ್ಕು ನಿಮಿಷದಲ್ಲಿ ಪ್ರಿಂಟ್ ಆಗುತ್ತೆ, ನಮ್ಮ ಸಾಲಲ್ಲಿ ಇಷ್ಟು ಬೇಗ ಯಾರೂ ಕೊಡಲ್ಲ. ಈ ವರ್ಷ ಹಾಳಾಗಿದ್ದು ಎರಡೋ ಮೂರೋ ಪೇಪರ್. ಚಕ್ಕುಬಂದಿ ನಾಲ್ಕೂ ದಿಕ್ಕು ಒಂದೇ ಸಲ ಕೇಳೋ ಹಾಗೆ ಶಿಫ್ಟಲ್ಲೇ ಒಂದು ಮಾಡಿಟ್ಟಿದೀನಿ, ಅದನ್ನ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು. ಹೋದ ವಾರ ಪಕ್ಕದ ಅಂಗಡಿಯವ್ರು ಪೆನ್‌ಡ್ರೈವ್ ತಂದು ಫೈಲ್ ಕೇಳಿದ್ರು. ಚಕ್ಕುಬಂದಿ ತೆಗೆದು ಮಿಕ್ಕಿದ್ದೆಲ್ಲ ಕೊಟ್ಟೆ.