ಅಂಚು ನೋಡಿ ಬೆಳ್ಳಿ ಹುಡುಕುವುದು: ನನ್ನ ಅನುಭವ

ನ್ಯೂಜೆರ್ಸಿಯಲ್ಲಿ ನಮ್ಮೂರಿನ ಬ್ಯಾಂಕಿಗೆ ಹೋಗಿ ಹಾಫ್ ಡಾಲರ್ ರೋಲ್ ಇದೆಯಾ ಅಂತ ಕೇಳಿದರೆ ಕೌಂಟರಿನಲ್ಲಿರುವವರು ಒಂದು ಸಲ ಮುಖ ನೋಡುತ್ತಾರೆ. ಯಾಕಂದರೆ ಐವತ್ತು ಸೆಂಟಿನ ನಾಣ್ಯವನ್ನು ಇಲ್ಲಿ ಅಂಗಡಿಯಲ್ಲಿ ಕೊಡುವವರೂ ಕಮ್ಮಿ, ತೆಗೆದುಕೊಳ್ಳುವವರೂ ಕಮ್ಮಿ. ನನಗೆ ಬೇಕಾಗಿರುವುದು ಅದೇ. ಜಾಸ್ತಿ ಕೈ ಬದಲಾಗದ ನಾಣ್ಯದಲ್ಲೇ ಅಲ್ವಾ ಹಳೇದು ಉಳಿದುಕೊಳ್ಳುವುದು. ಒಂದು ರೋಲಿಗೆ 20 ನಾಣ್ಯ, 10 ಡಾಲರ್. ಮನೆಗೆ ತಂದು ಕಾಗದ ಬಿಚ್ಚಿ, ಊಟದ ಮೇಜಿನ ಮೇಲೆ ಒಂದಕ್ಕೊಂದು ಒತ್ತಿ ಸಾಲಾಗಿ ನಿಲ್ಲಿಸುತ್ತೇನೆ. ಇಸವಿ ಆಮೇಲೆ, ಮೊದಲು ಅಂಚು.

ಈಗಿನ ನಾಣ್ಯದ ಅಂಚಿನಲ್ಲಿ ಕೆಂಪಗೆ ತಾಮ್ರದ ಗೆರೆ ಎದ್ದು ಕಾಣುತ್ತದೆ. ಒಳಗೆ ಪೂರ್ತಿ ತಾಮ್ರ, ಎರಡೂ ಮುಖಕ್ಕೆ ತಾಮ್ರ-ನಿಕಲ್ ಬೆರೆಸಿದ ತೆಳು ಪದರ. 1964 ಇಸವಿಯವರೆಗಿನ ಡೈಮ್ (ಹತ್ತು ಸೆಂಟು), ಕ್ವಾರ್ಟರ್ (ಇಪ್ಪತ್ತೈದು ಸೆಂಟು), ಹಾಫ್ ಡಾಲರ್‌ಗಳಲ್ಲಿ 90 ಭಾಗ ಬೆಳ್ಳಿ, 10 ಭಾಗ ತಾಮ್ರ. ಅವುಗಳ ಅಂಚು ಒಂದೇ ಬಣ್ಣ, ಬೆಳ್ಳಗೆ. ಹತ್ತೊಂಬತ್ತು ಕೆಂಪು ಗೆರೆಗಳ ನಡುವೆ ಒಂದು ಬಿಳಿ ಅಂಚು ಕಂಡಾಗ ಆಗುವ ಖುಷಿ ಇದೆಯಲ್ಲ, ಅದಕ್ಕೋಸ್ಕರವೇ ನಾನು ಇಷ್ಟು ವರ್ಷ ಬ್ಯಾಂಕಿಗೆ ಅಲೆಯುತ್ತಿರುವುದು.

ಆದರೆ ಶುರುವಿನಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಬೆಳ್ಳಿ 1964ಕ್ಕೇ ಮುಗಿಯಿತು ಅಂತ ಎಲ್ಲರೂ ಹೇಳುವುದನ್ನು ನಂಬಿ, ಆಮೇಲಿನ ಇಸವಿಯವನ್ನೆಲ್ಲ ಆರು ತಿಂಗಳು ಹಾಗೇ ಬ್ಯಾಂಕಿಗೆ ವಾಪಸ್ ಕಟ್ಟಿದೆ. ಡೈಮ್, ಕ್ವಾರ್ಟರ್‌ಗೆ ಆ ಮಾತು ಸರಿ. ಅಧ್ಯಕ್ಷ ಕೆನಡಿಯ ಮುಖವಿರುವ ಹಾಫ್ ಡಾಲರ್‌ಗೆ ಸರಿಯಲ್ಲ. ಅದರಲ್ಲಿ 1965ರಿಂದ 1970ರವರೆಗೆ 40 ಭಾಗ ಬೆಳ್ಳಿ ಉಳಿದಿತ್ತು, 1971ರಲ್ಲಿ ಪೂರ್ತಿ ಹೋಯಿತು. (1970ರದ್ದು ಸಂಗ್ರಹಕಾರರಿಗೆ ಮಾರಿದ ಸೆಟ್ಟಿನಲ್ಲಿ ಮಾತ್ರ ಬಂದದ್ದು, ರೋಲಿನಲ್ಲಿ ಸಿಕ್ಕರೆ ಯಾರೋ ಸೆಟ್ ಒಡೆದಿದ್ದಾರೆ ಅಂತಲೇ ಅರ್ಥ.) ನನ್ನ ಕೈಯಿಂದ ಎಷ್ಟು ಹೋಯಿತೋ, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ 40ರ ನಾಣ್ಯವನ್ನು ಹಿಡಿಯುವುದು ಕಷ್ಟ. ಹೊರಪದರದಲ್ಲಿ 80 ಭಾಗ ಬೆಳ್ಳಿ, ಒಳಗೆ ಸುಮಾರು 21 ಭಾಗ ಅಷ್ಟೇ. ಅದಕ್ಕೇ ಅಂಚು ಬೆಳ್ಳಗೂ ಇಲ್ಲ, ಕೆಂಪಗೂ ಇಲ್ಲ, ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ರಾತ್ರಿ ಬಲ್ಬಿನ ಬೆಳಕಿನಲ್ಲಿ ಕಣ್ಣು ತಪ್ಪಿಹೋಗುತ್ತದೆ, ನಾನು ಹಗಲಲ್ಲಿ ಕಿಟಕಿ ಪಕ್ಕ ಕೂತೇ ನೋಡುವುದು. ತೂಕವೂ ಇಲ್ಲಿ ಪೂರ್ತಿ ಕೈ ಹಿಡಿಯುವುದಿಲ್ಲ. 90ರದ್ದು 12.5 ಗ್ರಾಂ, 40ರದ್ದು 11.5, ಬೆಳ್ಳಿ ಇಲ್ಲದ್ದು 11.34. ಸ್ವಲ್ಪ ಸವೆದಿದ್ದರೆ ಕೊನೆಯ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅನುಮಾನ ಬಂದರೆ ತಿರುಗಿಸಿ ಇಸವಿ ಓದಿ, ಅದೇ ಗಟ್ಟಿ. ಕ್ವಾರ್ಟರ್‌ಗೆ ಮಾತ್ರ ತಕ್ಕಡಿ ಚೆನ್ನಾಗಿ ಕೆಲಸ ಮಾಡುತ್ತದೆ: ಬೆಳ್ಳಿಯದ್ದು 6.25 ಗ್ರಾಂ, ಈಗಿನದ್ದು 5.67.

ಬೆಳ್ಳಿ ತೆಗೆದದ್ದು ಸುಮ್ನೆ ಅಲ್ಲ. ಅರವತ್ತರ ದಶಕದಲ್ಲಿ ಚಿಲ್ಲರೆಗೆ ಬರ ಬಂದಿತ್ತು, ಬೆಳ್ಳಿಯ ಬೆಲೆ ಏರುತ್ತಿತ್ತು, ಇನ್ನೂ ಏರಿದರೆ ನಾಣ್ಯದ ಮುಖಬೆಲೆಗಿಂತ ಅದರೊಳಗಿನ ಬೆಳ್ಳಿಯೇ ದುಬಾರಿಯಾಗುವ ಹಾಗಿತ್ತು. 1965ರ ಜುಲೈ 23ರಂದು ಅಧ್ಯಕ್ಷ ಜಾನ್ಸನ್ ಹೊಸ ನಾಣ್ಯ ಕಾಯ್ದೆಗೆ ಸಹಿ ಹಾಕಿದರು. ಬೆಳ್ಳಿ ನಾಣ್ಯ ಕೂಡಿಟ್ಟರೆ ಲಾಭವೇನೂ ಇಲ್ಲ ಅಂತ ಆವತ್ತೇ ಹೇಳಿದ್ದರು, ಜನ ಕೇಳಲಿಲ್ಲ. ಆ ದಶಕ ಮುಗಿಯುವಷ್ಟರಲ್ಲಿ ಹಳೇ ಕ್ವಾರ್ಟರ್‌ಗಳು ಗಲ್ಲಾಪೆಟ್ಟಿಗೆಯಿಂದ ಹೆಚ್ಚುಕಮ್ಮಿ ಮಾಯವಾಗಿದ್ದವು. ಆದರೂ 1964ರವು ಇವತ್ತಿಗೂ ಸಿಗುತ್ತವೆ. ಕಾಯ್ದೆ ಬಂದ ಮೇಲೂ ಅದೇ ಇಸವಿ ಹಾಕಿ ಬೆಳ್ಳಿ ನಾಣ್ಯ ಅಚ್ಚು ಹಾಕುತ್ತಲೇ ಇದ್ದರು.

ಐದು ಸೆಂಟಿನ ನಾಣ್ಯವನ್ನೂ ಬಿಡಬೇಡಿ. ಯುದ್ಧಕ್ಕೆ ನಿಕಲ್ ಬೇಕಾಯಿತು ಅಂತ 1942ರ ಕೊನೆಯಿಂದ 1945ರವರೆಗೆ ಅದರಲ್ಲಿ 35 ಭಾಗ ಬೆಳ್ಳಿ ಹಾಕಿದರು. ತೂಕ ಅದೇ 5 ಗ್ರಾಂ. ಗುರುತು ಹಿಂಬದಿಯಲ್ಲಿದೆ, ಅಧ್ಯಕ್ಷ ಜೆಫರ್ಸನ್ನರ ಮಾಂಟಿಸೆಲ್ಲೊ ಮನೆಯ ಚಿತ್ರದಲ್ಲಿ ಗುಮ್ಮಟದ ಮೇಲೆ ದೊಡ್ಡದಾಗಿ ಟಂಕಸಾಲೆಯ ಅಕ್ಷರ: ಪಿ, ಡಿ ಅಥವಾ ಎಸ್.

ಶಬ್ದದ ಪರೀಕ್ಷೆ ನನಗೆ ಬಂದದ್ದು ಅಜ್ಜಿಯಿಂದ. ಐದನೇ ಜಾರ್ಜನ ರೂಪಾಯಿಯನ್ನು ಬೆರಳ ತುದಿಯಲ್ಲಿ ಕೂರಿಸಿ ಇನ್ನೊಂದರಿಂದ ಮೆಲ್ಲಗೆ ತಟ್ಟಿ, ಕಿವಿ ಹತ್ತಿರ ತಂದು ಕೇಳಿಸುತ್ತಿದ್ದರು. ನಮ್ಮ ರೂಪಾಯಿಯ ಬೆಳ್ಳಿ 1940ರಲ್ಲೇ ಅರ್ಧಕ್ಕೆ ಇಳಿದಿತ್ತು, 1947ರ ಹೊತ್ತಿಗೆ ನಿಕಲ್ ಆಗಿತ್ತು. ಇಲ್ಲಿಯ ಕ್ವಾರ್ಟರಿಗೂ ಅಜ್ಜಿಯ ಅದೇ ಪರೀಕ್ಷೆ ನಡೆಯುತ್ತದೆ: 1964ರದ್ದು ತಟ್ಟಿದರೆ ಸಣ್ಣ ಗಂಟೆಯ ಹಾಗೆ ಉಲಿಯುತ್ತದೆ, ಈಗಿನದ್ದು ಟಕ್ ಅಂದು ಸುಮ್ಮನಾಗುತ್ತದೆ.

ಹೋದ ವರ್ಷ ಅಮ್ಮ ಬಂದಿದ್ದಾಗ, ಕಪ್ಪಾಗಿವೆಯಲ್ಲೋ ಅಂತ ದೀಪ ಬೆಳಗುವ ಹಾಗೆ ವಿಭೂತಿ ಹಚ್ಚಿ ಎರಡನ್ನು ತಿಕ್ಕಿಬಿಟ್ಟಿದ್ದರು. "ಬೇಡಮ್ಮಾ, ಗೀರು ಬಿದ್ದರೆ ಸಂಗ್ರಹ ಮಾಡುವವರು ತಗೊಳ್ಳಲ್ಲ" ಅಂದೆ. ಆಮೇಲೆ ಅವರೇ ಕೂತು ಎಲ್ಲವನ್ನೂ ಪ್ಲಾಸ್ಟಿಕ್ ಟ್ಯೂಬಿಗೆ ತುಂಬಿಸಿಕೊಟ್ಟರು, 90ರವು ಒಂದು ಕಡೆ, 40ರವು ಇನ್ನೊಂದು ಕಡೆ. 40ರ ಟ್ಯೂಬ್ ಇನ್ನೂ ಅರ್ಧ ಖಾಲಿಯೇ ಇದೆ.